ಒಂದು ಕಣ್ಣಿನ ರೆಪ್ಪೆ ಜೋತು ಬಿದ್ದಿದೆಯಾ? ಯಾವುದಕ್ಕೆ ಆಪರೇಷನ್, ಯಾವುದಕ್ಕೆ ಬೇಡ, ಯಾವುದಕ್ಕೆ ಅವತ್ತೇ ಆಸ್ಪತ್ರೆಗೆ ಓಡಬೇಕು

ಫೋಟೋ ಸ್ಟುಡಿಯೋಗಳಲ್ಲಿ ಆಗಾಗ ಕೇಳಿಬರೋ ಮಾತಿದು: ‘ಒಂದು ಕಣ್ಣು ಚಿಕ್ಕದಾಗಿ ಬಂದಿದೆ, ಸ್ವಲ್ಪ ಸರಿ ಮಾಡ್ಕೊಡಿ.’ ಸ್ಟುಡಿಯೋದವರು ಕಂಪ್ಯೂಟರ್‌ನಲ್ಲಿ ಎರಡು ನಿಮಿಷದಲ್ಲಿ ಸರಿ ಮಾಡ್ತಾರೆ. ಮುಖದಲ್ಲಿ ಹಾಗೇ ಉಳಿಯುತ್ತೆ. ಈಗ ಮೊಬೈಲ್‌ನಲ್ಲಿ ದಿನಕ್ಕೆ ಹತ್ತು ಸೆಲ್ಫಿ ತೆಗೆಯೋ ಕಾಲ. ಹಾಗಾಗಿ ಮೊದಲು ಯಾರೂ ಗಮನಿಸದೇ ಇದ್ದ ರೆಪ್ಪೆಯ ಏರುಪೇರು ಕೂಡ ಕಣ್ಣಿಗೆ ಬೀಳ್ತಿದೆ. ಹಿಂದೆಯೇ ಇನ್‌ಸ್ಟಾಗ್ರಾಂನಲ್ಲಿ ‘ಅರ್ಧ ಗಂಟೆಯಲ್ಲಿ ಕಣ್ಣು ಸುಂದರ’ ಅನ್ನೋ ಜಾಹೀರಾತುಗಳೂ ಬರ್ತವೆ.

ವಿಷಯ ಏನಂದ್ರೆ, ರೆಪ್ಪೆ ಏರುಪೇರು ಅನ್ನೋದು ಒಂದೇ ಕಾಯಿಲೆ ಅಲ್ಲ. ಕೆಲವರಿಗೆ ಅದು ಏನೂ ಅಲ್ಲ. ಕೆಲವು ಮಕ್ಕಳಿಗೆ ಅದು ಜೀವನಪೂರ್ತಿ ಒಂದು ಕಣ್ಣಿನ ದೃಷ್ಟಿ ಹೋಗೋ ಪ್ರಶ್ನೆ. ಇನ್ನು ಕೆಲವರಿಗೆ ಪ್ರಾಣದ ಪ್ರಶ್ನೆ. ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗೋದ್ರಿಂದಲೇ ಎಡವಟ್ಟು ಆಗೋದು.

ಎಷ್ಟು ಏರುಪೇರು ಇದ್ದರೆ ಮಾಮೂಲಿ?

ಯಾರ ಮುಖವೂ ಎರಡೂ ಕಡೆ ಅಚ್ಚು ಹೊಡೆದ ಹಾಗೆ ಒಂದೇ ರೀತಿ ಇರೋದಿಲ್ಲ. ನೇರ ನೋಡುವಾಗ ಮೇಲಿನ ರೆಪ್ಪೆ ಕಣ್ಣಿನ ಕಪ್ಪು ಗುಡ್ಡೆಯ ಮೇಲ್ಭಾಗವನ್ನು ಒಂದೆರಡು ಮಿಲಿಮೀಟರ್ ಮುಚ್ಚಿರುತ್ತೆ. ಎರಡು ಕಣ್ಣಿನ ನಡುವೆ ಒಂದು ಮಿಲಿಮೀಟರ್ ತನಕ ವ್ಯತ್ಯಾಸ ಇರೋದು ತೀರಾ ಸಾಮಾನ್ಯ. ಒಂದು ಮಿಲಿಮೀಟರ್ ಅಂದ್ರೆ ಎಟಿಎಂ ಕಾರ್ಡಿನ ದಪ್ಪಕ್ಕಿಂತ ಚೂರು ಜಾಸ್ತಿ, ಅಷ್ಟೇ. ಮೊದಲಿಂದಲೂ ಹಾಗೇ ಇದ್ದು, ಹೆಚ್ಚೂ ಆಗದೆ, ನೋಟಕ್ಕೂ ಅಡ್ಡ ಬರದೇ ಇದ್ದರೆ ಅದಕ್ಕೆ ಚಿಕಿತ್ಸೆಯೇ ಬೇಕಿಲ್ಲ.

ಮೊದಲಿಂದಲೂ ಇತ್ತಾ, ಹೊಸದಾಗಿ ಬಂತಾ ಅಂತ ತಿಳಿಯೋಕೆ ಸುಲಭದ ದಾರಿ ಹಳೇ ಫೋಟೋ. ಆಧಾರ್, ವೋಟರ್ ಐಡಿ, ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್, ಮದುವೆ ಆಲ್ಬಂ ತೆಗೆದು ನೋಡಿದರೆ ಸಾಕು. ಕಣ್ಣಿನ ಡಾಕ್ಟರುಗಳೂ ಮೊದಲು ಕೇಳೋದು ಇದನ್ನೇ.

ರೆಪ್ಪೆ ಅಂದ್ರೆ ಅಂಗಡಿ ಶಟರ್ ಇದ್ದ ಹಾಗೆ

ಅಂಗಡಿಯವರಿಗೆ ಇದು ಬೇಗ ಅರ್ಥ ಆಗುತ್ತೆ. ಶಟರ್ ಸರಿಯಾಗಿ ಮೇಲೇಳ್ತಿಲ್ಲ ಅಂದ್ರೆ ಕಾರಣ ಹಲವು ಇರಬಹುದು. ಸ್ಪ್ರಿಂಗ್ ಹೋಗಿರಬಹುದು, ಪಟ್ಟಿ ಬಿಚ್ಚಿರಬಹುದು, ಮೋಟಾರ್ ಶಟರ್ ಆದ್ರೆ ಕರೆಂಟೇ ಬರ್ತಿಲ್ಲದಿರಬಹುದು. ಶಟರ್ ಸರಿಯಿದ್ದು ಮೇಲಿನ ಟಾರ್ಪಾಲು ಇಳಿಬಿದ್ದು ಬಾಗಿಲು ಮುಚ್ಚಿದ ಹಾಗೆ ಕಾಣಲೂಬಹುದು.

ರೆಪ್ಪೆಯಲ್ಲೂ ಹಾಗೇ. ಅದನ್ನು ಮೇಲೆತ್ತೋ ಮುಖ್ಯ ಸ್ನಾಯುವಿನ ಹೆಸರು ಲಿವೇಟರ್. ಇದಕ್ಕೆ ಮೆದುಳಿನಿಂದ ಮೂರನೇ ನರದ ಮೂಲಕ ಕರೆಂಟು ಬರುತ್ತೆ. ಜೊತೆಗೆ ಮುಲ್ಲರ್ ಅನ್ನೋ ಪುಟ್ಟ ಸ್ನಾಯು ಇನ್ನೊಂದೆರಡು ಮಿಲಿಮೀಟರ್ ಎತ್ತಿ ಹಿಡಿಯುತ್ತೆ. ಕಣ್ಣು ಮುಚ್ಚೋ ಸ್ನಾಯುವೇ ಬೇರೆ, ಅದಕ್ಕೆ ಬರೋದು ಏಳನೇ ನರ.

ಈ ಮೂರು-ಏಳರ ವ್ಯತ್ಯಾಸ ನಮ್ಮ ಕಡೆ ಬಹಳ ಗೊಂದಲ ಮಾಡಿದೆ. ಕಣ್ಣಲ್ಲಿ ಏನೇ ಆದ್ರೂ ‘ಲಕ್ವ ಹೊಡೆದಿದೆ’ ಅಂತ ಹೇಳಿ ನಾಟಿ ಔಷಧಿ ಕೊಡೋ ಊರಿಗೆ ಕರ್ಕೊಂಡು ಹೋಗೋದು ರೂಢಿ. ಮುಖದ ಲಕ್ವ, ಅಂದ್ರೆ ಬೆಲ್ಸ್ ಪಾಲ್ಸಿ, ಏಳನೇ ನರದ್ದು. ಅದರಲ್ಲಿ ಕಣ್ಣು ಮುಚ್ಚೋಕೆ ಆಗಲ್ಲ, ಬಾಯಿ ಒಂದು ಕಡೆ ಸೊಟ್ಟ ಆಗುತ್ತೆ. ರೆಪ್ಪೆ ಜೋತು ಬಿದ್ದು ಕಣ್ಣು ತೆರೆಯೋಕೆ ಆಗಲ್ಲ ಅಂದ್ರೆ ಅದು ಬೇರೆಯೇ. ಡಾಕ್ಟರುಗಳು ಇದನ್ನು ಟೋಸಿಸ್ ಅಂತಾರೆ. ಒಂದಕ್ಕೆ ಕೊಡೋ ಔಷಧಿ ಇನ್ನೊಂದಕ್ಕೆ ನಾಟೋದಿಲ್ಲ.

ಬೆಳಗ್ಗೆವರೆಗೂ ಕಾಯಬಾರದ ರೆಪ್ಪೆ

ಸೌಂದರ್ಯದ ಮಾತು ಆಮೇಲೆ. ಮೊದಲು ಇದನ್ನು ಮನೆಯವರೆಲ್ಲ ತಿಳ್ಕೊಂಡಿರಬೇಕು.

ನಿನ್ನೆವರೆಗೂ ಸರಿಯಿದ್ದ ರೆಪ್ಪೆ ಇದ್ದಕ್ಕಿದ್ದ ಹಾಗೆ ಬಿದ್ದು, ಒಂದು ವಸ್ತು ಎರಡಾಗಿ ಕಾಣ್ತಿದ್ದು, ಹಿಂದೆಂದೂ ಬರದಂಥ ತಲೆನೋವು ಇದ್ದು, ಆ ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿದ್ದರೆ, ಮೆದುಳಿನ ರಕ್ತನಾಳ ಬಲೂನಿನ ಹಾಗೆ ಊದಿಕೊಂಡು ಮೂರನೇ ನರವನ್ನು ಒತ್ತುತ್ತಿರಬಹುದು. ಅದು ಒಡೆದರೆ ಮೆದುಳಿನಲ್ಲಿ ರಕ್ತಸ್ರಾವ. ಇಂಥವರಿಗೆ ಬೇಕಿರೋದು ಕಣ್ಣಿನ ಹನಿ ಅಲ್ಲ, ಅವತ್ತೇ ಸ್ಕ್ಯಾನ್. ಹಾಗೇ ರೆಪ್ಪೆ ಸ್ವಲ್ಪ ಇಳಿದು ಪಾಪೆ ಚಿಕ್ಕದಾಗಿ, ಜೊತೆಗೆ ಕುತ್ತಿಗೆ ನೋವು ಇದ್ದರೆ ಕುತ್ತಿಗೆಯ ರಕ್ತನಾಳಕ್ಕೆ ಪೆಟ್ಟಾಗಿರೋ ಸಾಧ್ಯತೆ ಇದೆ. ಬೈಕಿನಿಂದ ಬಿದ್ದ ಮೇಲೆ ಹೀಗಾದರೆ ಸುಮ್ಮನಿರಬೇಡಿ. ಕೈಕಾಲು ಸೋಲು, ಮಾತು ತೊದಲು ಸೇರಿಕೊಂಡರೂ ಅಷ್ಟೇ, 108ಕ್ಕೆ ಫೋನ್ ಮಾಡೋದೇ ಸರಿ.

ಸಕ್ಕರೆ ಕಾಯಿಲೆ, ಬಿಪಿ ಇರೋರಲ್ಲಿ ಮೂರನೇ ನರಕ್ಕೆ ರಕ್ತ ಕಡಿಮೆಯಾಗಿ ರೆಪ್ಪೆ ಬೀಳೋದೂ ಉಂಟು. ಇದರಲ್ಲಿ ಸಾಮಾನ್ಯವಾಗಿ ಪಾಪೆ ಮಾಮೂಲಿ ಇರುತ್ತೆ, ಮೂರು ತಿಂಗಳ ಆಸುಪಾಸಿನಲ್ಲಿ ಹೆಚ್ಚಿನವರಿಗೆ ತಾನಾಗೇ ಸರಿಹೋಗುತ್ತೆ. ಆದರೆ ‘ನನಗೆ ಶುಗರ್ ಇದೆ, ಅದಕ್ಕೇ ಆಗಿದೆ’ ಅಂತ ಮನೆಯಲ್ಲೇ ತೀರ್ಮಾನ ಮಾಡೋ ಹಾಗಿಲ್ಲ. ಯಾವುದು ಅಂತ ಡಾಕ್ಟರೇ ನೋಡಿ ಹೇಳಬೇಕು.

ಇನ್ನೊಂದು ಹಾವು. ಹೊಲದ ಮನೆ, ಶೆಡ್ಡು, ಜಗಲಿಯಲ್ಲಿ ನೆಲದ ಮೇಲೆ ಮಲಗೋರಿಗೆ ಇದು ಗೊತ್ತಿರಲೇಬೇಕು. ಕಟ್ಟುಹಾವು ರಾತ್ರಿ ಹೊತ್ತು ಮಲಗಿದ್ದವರನ್ನು ಕಚ್ಚುತ್ತೆ. ಬಹಳ ಸಲ ನೋವೂ ಇರಲ್ಲ, ಗುರುತೂ ಕಾಣಲ್ಲ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಅಂತ ಎದ್ದವರ ಎರಡೂ ರೆಪ್ಪೆ ಎಷ್ಟು ಎಬ್ಬಿಸಿದರೂ ಮುಚ್ಚಿಕೊಳ್ಳುತ್ತಿದ್ದರೆ ಅದು ನಿದ್ದೆ ಮಂಪರಲ್ಲ, ವಿಷ ನರಕ್ಕೆ ಏರಿದ ಮೊದಲ ಲಕ್ಷಣ. ಆಮೇಲೆ ನುಂಗೋಕೆ ಆಗಲ್ಲ, ಮಾತು ಬರಲ್ಲ, ಕೊನೆಗೆ ಉಸಿರಾಟ ನಿಲ್ಲುತ್ತೆ. ನಾಗರಹಾವಿನ ವಿಷದಲ್ಲೂ ರೆಪ್ಪೆ ಬೀಳುತ್ತೆ. ಇದಕ್ಕೆ ಮಂತ್ರ, ಕಟ್ಟು, ಕುಯ್ಯೋದು ಯಾವುದೂ ಇಲ್ಲ, ಆಸ್ಪತ್ರೆಯಲ್ಲಿ ಕೊಡೋ ವಿಷನಿರೋಧಕ ಇಂಜೆಕ್ಷನ್ ಮತ್ತು ಬೇಕಾದರೆ ವೆಂಟಿಲೇಟರ್, ಅಷ್ಟೇ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ಸರ್ಕಾರಕ್ಕೆ ವರದಿ ಮಾಡಬೇಕು.

ಸಂಜೆ ಅಂಗಡಿ ಮುಚ್ಚೋ ಹೊತ್ತಿಗೆ ರೆಪ್ಪೆಯೂ ಮುಚ್ಚಿದರೆ

ಬೆಳಗ್ಗೆ ಕಣ್ಣು ಚೆನ್ನಾಗೇ ತೆರೆದಿರುತ್ತೆ, ಮಧ್ಯಾಹ್ನ ದಾಟಿದ ಮೇಲೆ ಭಾರ, ರಾತ್ರಿ ಲೆಕ್ಕ ಬರೆಯೋ ಹೊತ್ತಿಗೆ ಒಂದು ಕಣ್ಣು ಪೂರ್ತಿ ಇಳಿದಿರುತ್ತೆ, ಇವತ್ತು ಎಡಗಡೆ, ಮುಂದಿನ ವಾರ ಬಲಗಡೆ. ಇದನ್ನು ಆಯಾಸ ಅಂದ್ಕೊಂಡು ತಿಂಗಳುಗಟ್ಟಲೆ ಕಳೆಯೋರು ಇದ್ದಾರೆ. ಮಯಸ್ತೇನಿಯಾ ಗ್ರೇವಿಸ್ ಅನ್ನೋ ಕಾಯಿಲೆ ಹೀಗೇ ಶುರುವಾಗೋದು. ನರದಿಂದ ಸ್ನಾಯುವಿಗೆ ಹೋಗೋ ಸಂದೇಶವನ್ನು ದೇಹದ ರೋಗನಿರೋಧಕ ಶಕ್ತಿಯೇ ತಡೆಯುತ್ತೆ.

ಪತ್ತೆ ಮಾಡೋಕೆ ಡಾಕ್ಟರುಗಳು ಮಾಡೋ ಮೊದಲ ಪರೀಕ್ಷೆಗೆ ಖರ್ಚೇ ಇಲ್ಲ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಮುಚ್ಚಿದ ರೆಪ್ಪೆ ಮೇಲೆ ಎರಡು ನಿಮಿಷ ಇಡ್ತಾರೆ. ರೆಪ್ಪೆ ಎರಡು ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮೇಲೆದ್ದರೆ ಅನುಮಾನ ಬಲವಾಗುತ್ತೆ. ಆಮೇಲೆ ರಕ್ತ ಪರೀಕ್ಷೆ, ಎದೆಯ ಸ್ಕ್ಯಾನ್. ಇದಕ್ಕೆ ಮೊದಲ ಚಿಕಿತ್ಸೆ ಮಾತ್ರೆ, ಆಪರೇಷನ್ ಅಲ್ಲ. ಕೆಲವರಲ್ಲಿ ಕಾಯಿಲೆ ಕಣ್ಣಿನಿಂದ ನುಂಗೋ, ಉಸಿರಾಡೋ ಸ್ನಾಯುಗಳಿಗೂ ಹರಡುತ್ತೆ. ಅದಕ್ಕೇ ನರರೋಗ ತಜ್ಞರು ನೋಡಬೇಕು. ಇಂಥವರು ಕಾಸ್ಮೆಟಿಕ್ ಕ್ಲಿನಿಕ್‌ಗೆ ಹೋಗಿ ರೆಪ್ಪೆ ಕುಯಿಸ್ಕೊಂಡರೆ ದುಡ್ಡೂ ಹೋಗುತ್ತೆ, ಕಾಯಿಲೆಯೂ ಹಾಗೇ ಉಳಿಯುತ್ತೆ.

ಮಕ್ಕಳ ವಿಷಯದಲ್ಲಿ ‘ಮದುವೆ ಹೊತ್ತಿಗೆ ನೋಡೋಣ’ ಅನ್ನೋ ಹಾಗಿಲ್ಲ

ಹುಟ್ಟಿನಿಂದಲೇ ಒಂದು ರೆಪ್ಪೆ ಇಳಿಬಿದ್ದಿರೋ ಮಕ್ಕಳು ಪ್ರತಿ ಊರಲ್ಲೂ ಸಿಗ್ತಾರೆ. ಲಿವೇಟರ್ ಸ್ನಾಯು ಸರಿಯಾಗಿ ಬೆಳೆಯದೆ ಇರೋದು ಇದಕ್ಕೆ ಸಾಮಾನ್ಯ ಕಾರಣ. ಗ್ರಹಣದ ದಿನ ತಾಯಿ ಹೊರಗೆ ಬಂದಿದ್ದಕ್ಕೆ ಅಲ್ಲ. ಕೆಲವು ಮಕ್ಕಳಲ್ಲಿ ಹಾಲು ಕುಡಿಯುವಾಗ, ಅಗಿಯುವಾಗ ಇಳಿಬಿದ್ದ ರೆಪ್ಪೆ ಟಪ್ಪಂತ ಮೇಲೆ ಹಾರುತ್ತೆ. ನೋಡಿ ಮನೆಯವರು ಹೆದರ್ತಾರೆ. ದವಡೆಯ ನರದ ಎಳೆ ರೆಪ್ಪೆಯ ಸ್ನಾಯುವಿಗೆ ತಪ್ಪಾಗಿ ಕೂಡಿಕೊಂಡಿರೋದೇ ಅದಕ್ಕೆ ಕಾರಣ, ದೃಷ್ಟಿದೋಷ, ಗಾಳಿ ಏನೂ ಅಲ್ಲ.

ದೊಡ್ಡವರು ಮಾಡೋ ತಪ್ಪು ಇದನ್ನು ಬರೀ ಅಂದದ ಪ್ರಶ್ನೆ ಅಂದ್ಕೊಳ್ಳೋದು. ಮಗುವಿನ ಮೆದುಳು ನೋಡೋದನ್ನು ಕಲಿಯೋದು ಮೊದಲ ಏಳೆಂಟು ವರ್ಷದಲ್ಲಿ. ಆ ಹೊತ್ತಿನಲ್ಲಿ ರೆಪ್ಪೆ ಪಾಪೆಗೆ ಅಡ್ಡ ಇದ್ದರೆ ಮೆದುಳು ಆ ಕಣ್ಣನ್ನು ಬಿಟ್ಟೇಬಿಡುತ್ತೆ. ಕಣ್ಣಿನೊಳಗೆ ಎಲ್ಲ ಸರಿಯಿದ್ದರೂ ದೃಷ್ಟಿ ಬೆಳೆಯೋದಿಲ್ಲ. ಇದನ್ನು ಸೋಮಾರಿ ಕಣ್ಣು ಅಂತಾರೆ. ರೆಪ್ಪೆಯ ಒತ್ತಡಕ್ಕೆ ಗುಡ್ಡೆಯ ಆಕಾರ ಬದಲಾಗಿ ಸಿಲಿಂಡರ್ ಪವರ್ ಬರೋದರಿಂದಲೂ ಇದು ಆಗಬಹುದು. ಇಪ್ಪತ್ತನೇ ವಯಸ್ಸಿನಲ್ಲಿ ಹುಡುಗಿಗೆ ಗಂಡು ನೋಡೋಕೆ ಶುರು ಮಾಡಿದಾಗ ಆಪರೇಷನ್ ಮಾಡಿಸಿದರೆ ರೆಪ್ಪೆ ಮೇಲೇಳುತ್ತೆ, ಹೋದ ದೃಷ್ಟಿ ಹೆಚ್ಚುಕಮ್ಮಿ ವಾಪಸ್ ಬರೋದಿಲ್ಲ.

ಗಮನಿಸಬೇಕಾದ್ದು ಇಷ್ಟು: ಮಗು ಟಿವಿ ನೋಡುವಾಗ ಗಲ್ಲ ಮೇಲೆತ್ತಿ ನೋಡುತ್ತಾ, ಹುಬ್ಬು ಏರಿಸಿ ಹಣೆ ಸುಕ್ಕು ಮಾಡುತ್ತಾ, ಬೆರಳಿಂದ ರೆಪ್ಪೆ ಎತ್ತುತ್ತಾ, ಸರಿಯಿರೋ ಕಣ್ಣು ಮುಚ್ಚಿದರೆ ಅಳುತ್ತಾ? ಪಾಪೆ ಮುಚ್ಚಿದ್ದರೆ ಆಪರೇಷನ್‌ಗೆ ವಯಸ್ಸು ನೋಡೋದಿಲ್ಲ, ಹಸುಗೂಸಿಗೂ ಮಾಡ್ತಾರೆ. ಪಾಪೆ ಕಾಣ್ತಿದ್ದು ದೃಷ್ಟಿ ಚೆನ್ನಾಗಿ ಬೆಳೀತಿದ್ದರೆ ಮೂರರಿಂದ ಐದು ವರ್ಷದ ತನಕ ಕಾಯಬಹುದು, ಆದರೆ ಆಗಾಗ ತಪಾಸಣೆ ಮಾಡಿಸ್ತಾ ಇರಬೇಕು. ಎಷ್ಟೋ ಮಕ್ಕಳಿಗೆ ಆಪರೇಷನ್ ಜೊತೆ ಕನ್ನಡಕವೂ, ಚೆನ್ನಾಗಿರೋ ಕಣ್ಣಿಗೆ ದಿನಕ್ಕೆ ಇಷ್ಟು ಗಂಟೆ ಪಟ್ಟಿಯೂ ಬೇಕಾಗುತ್ತೆ. ಪಟ್ಟಿ ಹಾಕೋದು ಮಗುವಿಗೆ ಇಷ್ಟ ಆಗಲ್ಲ, ಅಜ್ಜಿಗೆ ಅಯ್ಯೋ ಅನ್ಸುತ್ತೆ. ಆದ್ರೂ ಬಿಡಬಾರದು.

ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬರುತ್ತೆ. ಹುಟ್ಟಿನಿಂದ 18 ವರ್ಷದವರೆಗೆ ಇದು ಅನ್ವಯ. ತಂಡ ಬಂದ ದಿನ ಮಗುವಿನ ರೆಪ್ಪೆ ತೋರಿಸಿ, ಮೇಲಿನ ಆಸ್ಪತ್ರೆಗೆ ರೆಫರ್ ಮಾಡಿಸ್ಕೊಳ್ಳಿ.

ಆಪರೇಷನ್‌ಗಳಲ್ಲಿ ಯಾವುದು ಯಾರಿಗೆ

ವಯಸ್ಸಾದವರಲ್ಲಿ ಸಾಮಾನ್ಯವಾಗಿ ಆಗೋದು ಲಿವೇಟರ್‌ನ ತುದಿಯ ಪಟ್ಟಿ ಸಡಿಲ ಆಗೋದು. ಪೊರೆ ಆಪರೇಷನ್ ಆದ ಮೇಲೆ, ವರ್ಷಗಟ್ಟಲೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿದವರಲ್ಲಿ, ಸದಾ ಕಣ್ಣು ಉಜ್ಜೋರಲ್ಲೂ ಇದು ಕಾಣುತ್ತೆ. ಸ್ನಾಯು ಗಟ್ಟಿಯಾಗೇ ಇರುತ್ತೆ, ಹಗ್ಗ ಮಾತ್ರ ಸಡಿಲ. ಹಾಗಾಗಿ ಆ ಪಟ್ಟಿಯನ್ನು ಎಳೆದು ಮತ್ತೆ ಹೊಲಿದರೆ ಸಾಕು. ರೆಪ್ಪೆಯ ಮಡಿಕೆಯಲ್ಲೇ ಕುಯ್ಯೋದರಿಂದ ಗಾಯದ ಗೆರೆ ಕಾಣೋದು ಕಡಿಮೆ. ಸ್ವಲ್ಪ ಮಾತ್ರ ಇಳಿದಿರೋರಿಗೆ ರೆಪ್ಪೆಯ ಒಳಬದಿಯಿಂದ ಮುಲ್ಲರ್ ಸ್ನಾಯುವನ್ನು ಗಿಡ್ಡ ಮಾಡೋ ವಿಧಾನವೂ ಇದೆ.

ಯಾವುದು ಅಂತ ತೀರ್ಮಾನಿಸೋಕೆ ಡಾಕ್ಟರು ಹುಬ್ಬನ್ನು ಹೆಬ್ಬೆರಳಿಂದ ಒತ್ತಿ ಹಿಡಿದು, ಕೆಳಗೆ ನೋಡು, ಮೇಲೆ ನೋಡು ಅಂತ ಹೇಳಿ ರೆಪ್ಪೆ ಎಷ್ಟು ದೂರ ಓಡಾಡುತ್ತೆ ಅಂತ ಸ್ಕೇಲಲ್ಲಿ ಅಳೀತಾರೆ. ಚೆನ್ನಾಗಿರೋ ಸ್ನಾಯು 12ರಿಂದ 15 ಮಿಲಿಮೀಟರ್ ಎತ್ತುತ್ತೆ. 4 ಮಿಲಿಮೀಟರ್‌ಗಿಂತ ಕಡಿಮೆ ಅಂದ್ರೆ ಸ್ನಾಯುವಿನಲ್ಲಿ ದಮ್ಮಿಲ್ಲ ಅಂತ ಅರ್ಥ. ಅಂಥವರಿಗೆ, ಮುಖ್ಯವಾಗಿ ಮಕ್ಕಳಿಗೆ, ರೆಪ್ಪೆಯನ್ನು ಹುಬ್ಬಿನ ಸ್ನಾಯುವಿಗೆ ಜೋಲಿ ಹಾಕಿದ ಹಾಗೆ ಕಟ್ತಾರೆ. ಜೋಲಿಗೆ ಸಿಲಿಕಾನ್ ದಾರ ಅಥವಾ ತೊಡೆಯಿಂದ ತೆಗೆದ ಪಟ್ಟಿ ಬಳಸ್ತಾರೆ. ಹುಬ್ಬು ಏರಿಸಿದರೆ ರೆಪ್ಪೆ ಏಳುತ್ತೆ. ಇದಾದ ಮೇಲೆ ನಿದ್ದೆಯಲ್ಲಿ ಕಣ್ಣು ಸ್ವಲ್ಪ ತೆರೆದೇ ಇರುತ್ತೆ. ರಾತ್ರಿ ಮುಲಾಮು ಹಚ್ಚೋದು ಮರೆತರೆ ಗುಡ್ಡೆ ಒಣಗಿ ಹುಣ್ಣಾಗಬಹುದು. ಅಳತೆ ತೆಗೆಯದೆ, ಬರೀ ಮುಖ ನೋಡಿ ‘ಮಾಡ್ಬಿಡೋಣ’ ಅನ್ನೋ ಕ್ಲಿನಿಕ್‌ನಿಂದ ಎದ್ದು ಬರೋದೇ ವಾಸಿ.

ಇನ್ನು ಜಾಹೀರಾತುಗಳಲ್ಲಿ ಬರೋ ಬ್ಲೆಫರೋಪ್ಲಾಸ್ಟಿ. ಇದು ಟಾರ್ಪಾಲು ಸರಿ ಮಾಡೋ ಕೆಲಸ. ರೆಪ್ಪೆಯ ಹೆಚ್ಚಾದ ಚರ್ಮ, ಕೊಬ್ಬು ತೆಗೆದು ಹೊಲೀತಾರೆ. ಅರವತ್ತು ದಾಟಿದವರ ಚರ್ಮ ಜೋತು ಬಿದ್ದು ರೆಪ್ಪೆಗೂದಲಿನ ಮೇಲೇ ಕೂತಿದ್ದರೆ ನೋಟವೂ ತೆರೆದುಕೊಳ್ಳುತ್ತೆ. ಸ್ನಾಯು ಸಡಿಲ ಆಗಿರೋರಿಗೆ ಬರೀ ಚರ್ಮ ತೆಗೆದರೆ ರೆಪ್ಪೆ ಇದ್ದಲ್ಲೇ ಇರುತ್ತೆ. ಎರಡೂ ತೊಂದರೆ ಒಟ್ಟಿಗೇ ಇರೋರು ಬಹಳ, ಅವರಿಗೆ ಎರಡನ್ನೂ ಸೇರಿಸಿ ಮಾಡಬೇಕಾಗುತ್ತೆ. ಕೊರಿಯಾ, ಜಪಾನ್ ಕಡೆ ಜನಪ್ರಿಯವಾಗಿರೋ ಎರಡು ಮಡಿಕೆ ರೆಪ್ಪೆ ಸರ್ಜರಿಯೂ ಇದೇ ಜಾತಿಯದ್ದು. ಜಪಾನಿನ ಡಾಕ್ಟರೊಬ್ಬರು 1896ರಲ್ಲೇ ಅದನ್ನು ಬರೆದಿಟ್ಟಿದ್ದಾರೆ. ಕೊರಿಯನ್ ಸೀರಿಯಲ್ ನೋಡೋ ನಮ್ಮ ಹುಡುಗಿಯರು ಇದನ್ನು ಹುಡುಕ್ತಾರೆ, ಆದರೆ ನಮ್ಮ ಕಡೆ ಹೆಚ್ಚಿನವರಿಗೆ ಆ ಮಡಿಕೆ ಹುಟ್ಟಿನಿಂದಲೇ ಇರುತ್ತೆ.

ತಕ್ಕಡಿ ಲೆಕ್ಕವೊಂದಿದೆ, ಅದು ಗೊತ್ತಿಲ್ಲದೆ ಆಪರೇಷನ್ ಆದ ಮೇಲೆ ಜಗಳ ಆಗುತ್ತೆ. ಮೆದುಳು ಎರಡೂ ರೆಪ್ಪೆಗೆ ಒಂದೇ ಅಳತೆಯ ಶಕ್ತಿ ಕಳಿಸುತ್ತೆ. ಒಂದು ಬಿದ್ದಿದ್ದರೆ ಅದನ್ನು ಎತ್ತೋಕೆ ಎರಡಕ್ಕೂ ಜಾಸ್ತಿ ಕಳಿಸ್ತಿರುತ್ತೆ. ಬಿದ್ದಿದ್ದನ್ನು ಸರಿ ಮಾಡಿದ ಮೇಲೆ ಆ ಹೆಚ್ಚುವರಿ ನಿಂತು, ಅದುವರೆಗೆ ಚೆನ್ನಾಗಿದ್ದ ಇನ್ನೊಂದು ರೆಪ್ಪೆ ಇಳಿಯಬಹುದು. ಅನುಭವಸ್ಥ ಡಾಕ್ಟರು ಇಳಿದ ರೆಪ್ಪೆಯನ್ನು ಬೆರಳಿಂದ ಎತ್ತಿ, ಇನ್ನೊಂದು ಇಳಿಯುತ್ತಾ ಅಂತ ಮೊದಲೇ ನೋಡ್ತಾರೆ.

ಕೆಲವು ಸಲ ‘ಚಿಕ್ಕ ಕಣ್ಣು’ ಸರಿಯಾಗೇ ಇದ್ದು, ದೊಡ್ಡದಾಗಿ ಕಾಣೋ ಕಣ್ಣಿಗೇ ಕಾಯಿಲೆ ಇರುತ್ತೆ. ಥೈರಾಯ್ಡ್ ತೊಂದರೆಯಲ್ಲಿ ರೆಪ್ಪೆ ಮೇಲಕ್ಕೆ ಎಳೆದುಕೊಂಡು ಕಣ್ಣು ದುರುಗುಟ್ಟಿದ ಹಾಗೆ ಕಾಣುತ್ತೆ. ಅದಕ್ಕೆ ಮೊದಲು ಥೈರಾಯ್ಡ್ ಹಿಡಿತಕ್ಕೆ ಬರಬೇಕು, ಕಣ್ಣಿನ ಊತ ಸುಮಾರು ಆರು ತಿಂಗಳು ಒಂದೇ ಸ್ಥಿತಿಯಲ್ಲಿ ಇರಬೇಕು, ಆಮೇಲೆ ರೆಪ್ಪೆಯ ಮಾತು. ಬೀಡಿ, ಸಿಗರೇಟು ಈ ತೊಂದರೆಯನ್ನು ಹೆಚ್ಚು ಮಾಡುತ್ತೆ.

ಆಪರೇಷನ್ ಇಲ್ಲದೆ ಆಗಲ್ವಾ?

ಕೆಲವಕ್ಕೆ ಆಗುತ್ತೆ. ಆಪರೇಷನ್ ತಡ್ಕೊಳ್ಳೋಕೆ ಆಗದ ವಯಸ್ಸಾದವರಿಗೆ ಕನ್ನಡಕದ ಫ್ರೇಮಿಗೇ ಸಣ್ಣ ಕಂಬಿ ಕೂಡಿಸಿ ರೆಪ್ಪೆ ಎತ್ತಿ ಹಿಡಿಯೋ ವ್ಯವಸ್ಥೆ ಇದೆ. ರೆಪ್ಪೆಗೆ ಅಂಟಿಸೋ ಟೇಪು ಒಂದು ಫಂಕ್ಷನ್ ದಾಟಿಸುತ್ತೆ, ದಿನಾ ಹಾಕಿದರೆ ಚರ್ಮ ಕೆಂಪಾಗಿ ಸಡಿಲ ಆಗುತ್ತೆ. ಅಮೆರಿಕದಲ್ಲಿ 2020ರಲ್ಲಿ ಆಕ್ಸಿಮೆಟಾಜೋಲಿನ್ ಅನ್ನೋ ಕಣ್ಣಿನ ಹನಿಗೆ ಒಪ್ಪಿಗೆ ಸಿಕ್ಕಿದೆ, ಮುಲ್ಲರ್ ಸ್ನಾಯುವನ್ನು ಬಿಗಿ ಮಾಡಿ ಕೆಲವು ಗಂಟೆ ರೆಪ್ಪೆಯನ್ನು ಒಂದು ಮಿಲಿಮೀಟರ್ ಆಸುಪಾಸು ಎತ್ತುತ್ತೆ. ಇದೇ ಹೆಸರಿನ ಔಷಧಿ ನಮ್ಮ ಮೆಡಿಕಲ್ ಶಾಪುಗಳಲ್ಲಿ ಮೂಗು ಕಟ್ಟಿದ್ದಕ್ಕೆ ಸಿಗುತ್ತೆ. ಹೆಸರು ಒಂದೇ ಅಂತ ಮೂಗಿನ ಹನಿಯನ್ನು ಕಣ್ಣಿಗೆ ಬಿಡಬಾರದು. ಅದು ಕಣ್ಣಿಗಂತ ಮಾಡಿದ್ದಲ್ಲ.

ಯೂಟ್ಯೂಬಿನ ರೆಪ್ಪೆ ವ್ಯಾಯಾಮದಿಂದ ಬಿಚ್ಚಿದ ಪಟ್ಟಿ ಕೂಡಿಕೊಳ್ಳಲ್ಲ. ನಂದಿಬಟ್ಟಲು ಹೂವಿನ ರಸ, ಎದೆಹಾಲು ಕಣ್ಣಿಗೆ ಬಿಡೋದರಿಂದ ರೆಪ್ಪೆ ಏಳೋದಿಲ್ಲ, ಸೋಂಕು ತಗುಲಿದರೆ ಗುಡ್ಡೆಗೆ ಹುಣ್ಣಾಗುತ್ತೆ. ಸುಕ್ಕು ತೆಗೆಯೋಕೆ ಹಣೆಗೆ ಹಾಕಿಸೋ ಬೊಟಾಕ್ಸ್ ಜಾರಿ ರೆಪ್ಪೆಗೆ ಇಳಿದರೆ ರೆಪ್ಪೆಯೇ ಬೀಳುತ್ತೆ. ವಾರಗಳು, ಕೆಲವೊಮ್ಮೆ ತಿಂಗಳುಗಳ ನಂತರ ಅದು ಸರಿಹೋಗುತ್ತೆ. ಬ್ಯೂಟಿ ಪಾರ್ಲರ್‌ನಲ್ಲಿ ಇಂಥ ಇಂಜೆಕ್ಷನ್ ಹಾಕಿಸ್ಕೊಳ್ಳೋದು ಬೇಡವೇ ಬೇಡ.

ದುಡ್ಡು, ಕಾರ್ಡು, ಜಿಎಸ್‌ಟಿ

ಮೊದಲು ತಾಲ್ಲೂಕು ಆಸ್ಪತ್ರೆಯ ಕಣ್ಣಿನ ವಿಭಾಗ, ಅಲ್ಲಿಂದ ಜಿಲ್ಲಾಸ್ಪತ್ರೆ ಅಥವಾ ಸರ್ಕಾರಿ ಮೆಡಿಕಲ್ ಕಾಲೇಜು. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಸರ್ಕಾರದ್ದೇ. ರೆಪ್ಪೆಯ ಕೆಲಸವನ್ನೇ ವಿಶೇಷವಾಗಿ ಕಲಿತ ಕಣ್ಣಿನ ಡಾಕ್ಟರನ್ನು ಆಕ್ಯುಲೋಪ್ಲಾಸ್ಟಿ ತಜ್ಞರು ಅಂತಾರೆ, ಚೀಟಿ ಮಾಡಿಸುವಾಗ ಅವರು ಯಾವ ದಿನ ಬರ್ತಾರೆ ಅಂತ ಕೇಳಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಅಂದಕ್ಕೆ ಮಾಡಿಸೋದು ಇದರಲ್ಲಿ ಬರೋದಿಲ್ಲ. ಖಾಸಗಿ ಆರೋಗ್ಯ ವಿಮೆಯಲ್ಲೂ ಹಾಗೇ, ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಅಥವಾ ವೈದ್ಯಕೀಯವಾಗಿ ಅಗತ್ಯ ಅಂತ ಡಾಕ್ಟರು ಬರೆದುಕೊಟ್ಟರೆ ಮಾತ್ರ. ಹಾಗಾಗಿ ನೋಟಕ್ಕೆ ಅಡ್ಡ ಆಗ್ತಿದ್ದರೆ ದೃಷ್ಟಿ ವ್ಯಾಪ್ತಿಯ ಪರೀಕ್ಷೆಯ ರಿಪೋರ್ಟು, ಫೋಟೋ, ಡಾಕ್ಟರ ಪತ್ರ ಮೂರನ್ನೂ ಆಪರೇಷನ್‌ಗೆ ಮೊದಲೇ ಇಟ್ಕೊಳ್ಳಿ.

ವ್ಯಾಪಾರಿಗಳಿಗೆ ಇನ್ನೊಂದು ಮಾತು. ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ, ಆದರೆ ಕಾಸ್ಮೆಟಿಕ್ ಸರ್ಜರಿಗೆ ಆ ವಿನಾಯಿತಿ ಇಲ್ಲ, ಶೇ 18 ಬೀಳುತ್ತೆ. ಹುಟ್ಟಿನಿಂದ ಬಂದ ದೋಷ, ಬೆಳವಣಿಗೆಯ ದೋಷ, ಗಾಯವನ್ನು ಸರಿಮಾಡೋ ಪ್ಲಾಸ್ಟಿಕ್ ಸರ್ಜರಿಗೆ ತೆರಿಗೆ ಹಾಕೋ ಹಾಗಿಲ್ಲ. ಟೋಸಿಸ್ ಇರೋ ಮಗುವಿನ ಬಿಲ್ಲಿನಲ್ಲಿ ಜಿಎಸ್‌ಟಿ ಕಂಡರೆ ಕೇಳಿ. ಖಾಸಗಿ ಕ್ಲಿನಿಕ್ ಆದ್ರೆ ಕೆಪಿಎಂಇ ಕಾಯ್ದೆಯಲ್ಲಿ ನೋಂದಣಿ ಆಗಿರಬೇಕು, ನೋಂದಣಿ ಸಂಖ್ಯೆಯನ್ನು ಕಾಣೋ ಹಾಗೆ ಹಾಕಿರಬೇಕು.

ಆಪರೇಷನ್ ಆದ ಮೇಲೆ ಅಂಗಡಿಗೆ ಯಾವಾಗ?

ದೊಡ್ಡವರಿಗೆ ಸಾಮಾನ್ಯವಾಗಿ ರೆಪ್ಪೆಗಷ್ಟೇ ಮರಗಟ್ಟೋ ಇಂಜೆಕ್ಷನ್. ಎಚ್ಚರ ಇರುತ್ತೆ, ಮಧ್ಯೆ ಕಣ್ಣು ತೆರೆದು ತೋರಿಸಿ ಅಂತಾರೆ. ಅದೇ ದಿನ ಅಥವಾ ಮರುದಿನ ಮನೆಗೆ. ಹೊಲಿಗೆ ಬಿಚ್ಚೋದು ಒಂದು ವಾರದ ಹೊತ್ತಿಗೆ, ಊತ ಮತ್ತು ಕಂದು ಕಲೆ ಇಳಿಯೋಕೆ ಎರಡು ವಾರ, ರೆಪ್ಪೆ ತನ್ನ ಜಾಗದಲ್ಲಿ ಕೂರೋಕೆ ಒಂದೆರಡು ತಿಂಗಳು. ಅಲ್ಲಿಯವರೆಗೆ ಕನ್ನಡಿ ಮುಂದೆ ನಿಂತು ಅಳೀತಾ ಇದ್ದರೆ ಸಮಾಧಾನ ಇರಲ್ಲ. ಕೌಂಟರ್‌ನಲ್ಲಿ ಕೂರೋರು ಒಂದು ವಾರದಲ್ಲಿ ಕೂರಬಹುದು. ಮೂಟೆ ಎತ್ತೋರು, ಹಿಟ್ಟಿನ ಗಿರಣಿ, ವೆಲ್ಡಿಂಗ್ ಅಂಗಡಿಯವರು ಇನ್ನೂ ಸ್ವಲ್ಪ ದಿನ ದೂರ ಇರಬೇಕು. ಕಾಡಿಗೆಯೂ ಬೇಡ.

ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು, ಸ್ಟೆಂಟ್ ಹಾಕಿಸ್ಕೊಂಡೋರು ಅದನ್ನು ಮೊದಲೇ ಹೇಳಬೇಕು. ತಾವಾಗೇ ನಿಲ್ಲಿಸೋ ಹಾಗೂ ಇಲ್ಲ, ಹೃದಯದ ಡಾಕ್ಟರನ್ನು ಕೇಳಿಯೇ ನಿಲ್ಲಿಸಬೇಕು. ಎರಡೂ ರೆಪ್ಪೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಬರುತ್ತೆ ಅಂತ ಯಾರೂ ಬರೆದುಕೊಡಲಾರರು, ಕೆಲವರಿಗೆ ಎರಡನೇ ಸಲ ಸರಿಮಾಡಬೇಕಾಗುತ್ತೆ, ಕೆಲವರಿಗೆ ಕಣ್ಣು ಒಣಗುತ್ತೆ. ಆಪರೇಷನ್ ಆದ ರಾತ್ರಿ ತಡೆಯಲಾರದ ನೋವು, ಕಣ್ಣು ಮುಂದಕ್ಕೆ ಉಬ್ಬಿದ ಹಾಗೆ, ನೋಟ ಮಂಜಾದ ಹಾಗೆ ಆದರೆ ಒಳಗೆ ರಕ್ತ ಸೇರ್ತಿದೆ ಅಂತ ಅರ್ಥ. ಅಪರೂಪ, ಆದರೆ ತಡಮಾಡಿದರೆ ದೃಷ್ಟಿ ಹೋಗುತ್ತೆ. ಅದಕ್ಕೇ ಡಿಸ್ಚಾರ್ಜ್ ಆಗುವಾಗ ರಾತ್ರಿ ಹೊತ್ತು ಫೋನ್ ಎತ್ತೋ ನಂಬರ್ ಬರೆಸ್ಕೊಂಡೇ ಬನ್ನಿ, ಆ ನಂಬರ್‌ಗೆ ಆಸ್ಪತ್ರೆ ಬಾಗಿಲಲ್ಲೇ ಒಂದ್ಸಲ ಕರೆ ಮಾಡಿ ನೋಡಿ.